ಜರ್ಮನಿಯಲ್ಲಿ ಇನ್ಫರ್ಮೇಷನ್ ಸಿಸ್ಟಮ್ಸ್ ಥೀಸಿಸ್: ಟಾಪಿಕ್‌ಗಿಂತ ಮುಂಚೆ ಲೇರ್‌ಷ್ಟೂಲ್ ನೋಡ್ಕೊಳ್ಳಿ

ಮಾಸ್ಟರ್ಸ್‌ಗೆ ಅಂತ ಜರ್ಮನಿಗೆ ಬಂದಿರೋ ನಮ್ಮ ಹುಡುಗ್ರು ಹುಡುಗೀರು ಮೂರನೇ ಸೆಮಿಸ್ಟರ್ ಮುಗಿಯೋ ಹೊತ್ತಿಗೆ ಕೇಳೋದು ಒಂದೇ, ಥೀಸಿಸ್‌ಗೆ ಒಂದು ಒಳ್ಳೆ ಟಾಪಿಕ್ ಇದ್ರೆ ಹೇಳಿ ಅಂತ. ಬಿಇ ಫೈನಲ್ ಇಯರ್‌ನಲ್ಲಿ ನಾಲ್ಕು ಜನ ಸೇರಿ ಒಂದು ಟಾಪಿಕ್ ಹಿಡ್ಕೊಂಡು, ಆಮೇಲೆ ಗೈಡ್ ಹತ್ರ ಹೋಗಿ ಸೈನ್ ಹಾಕಿಸ್ಕೊಳ್ತಿದ್ವಲ್ಲ, ಅದೇ ಅಭ್ಯಾಸ ತಲೇಲಿ ಕೂತಿರತ್ತೆ. ಇಲ್ಲಿ ಲೆಕ್ಕ ಉಲ್ಟಾ, ಮೊದ್ಲು ಯಾರ ಹತ್ರ ಮಾಡ್ತೀರ ಅನ್ನೋದು ಗಟ್ಟಿ ಆಗ್ಬೇಕು, ಟಾಪಿಕ್ ಅದರ ಹಿಂದೆ ಬರತ್ತೆ.

ಇಲ್ಲಿ ಯೂನಿವರ್ಸಿಟಿ ನಡೆಯೋದೇ ಲೇರ್‌ಷ್ಟೂಲ್ ಲೆಕ್ಕದಲ್ಲಿ. ಅಂದ್ರೆ ಒಬ್ರು ಪ್ರೊಫೆಸರ್, ಅವರ ಕೈಕೆಳಗೆ ಪಿಎಚ್‌ಡಿ ಮಾಡ್ತಾ ಕೆಲ್ಸ ಮಾಡೋ ನಾಲ್ಕೈದು ಜನ ಅಥವಾ ಇನ್ನೂ ಜಾಸ್ತಿ, ಒಂದು ಸೆಕ್ರೆಟರಿ ಆಫೀಸು. ಕಾಗದದಲ್ಲಿ ನಿಮ್ಮ ಎಕ್ಸಾಮಿನರ್ ಪ್ರೊಫೆಸರ್ರೇ, ಆದ್ರೆ ವಾರ ವಾರ ನಿಮ್ಮ ಜೊತೆ ಕೂತು ಮಾತಾಡೋದು ಸಾಮಾನ್ಯವಾಗಿ ಆ ಪಿಎಚ್‌ಡಿ ಮಾಡ್ತಿರೋರು. ಅವ್ರ ಸಂಶೋಧನೆಗೆ ಹತ್ತಿರ ಇರೋ ವಿಷಯ ತಗೊಂಡ್ರೆ ನಿಮ್ಮ ಡ್ರಾಫ್ಟ್‌ನ ಸಾಲು ಸಾಲೂ ಓದ್ತಾರೆ, ಅವ್ರಿಗೆ ಗೊತ್ತಿಲ್ದಿರೋ ವಿಷಯ ತಗೊಂಡ್ರೆ ನೀವು ಒಬ್ರೇ. ಹಾಗಾಗಿ ಮೊದ್ಲು ಲೇರ್‌ಷ್ಟೂಲ್‌ನ ಪೇಜ್‌ಗೆ ಹೋಗಿ ಅಲ್ಲಿ ಹಾಕಿರೋ ಓಪನ್ ಟಾಪಿಕ್ ಲಿಸ್ಟ್ ನೋಡಿ, ಜೊತೆಗೆ ಅಲ್ಲಿರೋರ ಇತ್ತೀಚಿನ ಒಂದೆರಡು ಪೇಪರ್ ಓದಿ. ಕೆಲವು ಕಡೆ ಅವರದ್ದೇ ಸೆಮಿನಾರ್ ಮುಗಿಸಿರ್ಬೇಕು ಅಂತ ಷರತ್ತು ಇರತ್ತೆ, ಅದನ್ನ ಎರಡನೇ ಸೆಮಿಸ್ಟರ್‌ನಲ್ಲೇ ವಿಚಾರಿಸ್ಕೊಳ್ಳಿ.

ಇನ್ನೊಂದು ವಿಷ್ಯ, ನಾವು ಇನ್ಫರ್ಮೇಷನ್ ಸಿಸ್ಟಮ್ಸ್ ಅನ್ನೋದನ್ನ ಇವ್ರು ವಿರ್ಟ್‌ಶಾಫ್ಟ್ಸ್‌ಇನ್‌ಫಾರ್ಮಾಟಿಕ್ ಅಂತಾರೆ, ಬಿಸಿನೆಸ್ಸು ಕಂಪ್ಯೂಟರ್ ಸೈನ್ಸು ಎರಡರ ಮಧ್ಯೆ ಇರೋ ಸಬ್ಜೆಕ್ಟು. ಇಲ್ಲಿ ಏನಾದ್ರೂ ಕಟ್ಟಿ ತೋರಿಸೋ ಸಂಪ್ರದಾಯ ಗಟ್ಟಿಯಾಗಿದೆ, ಒಂದು ಮಾಡೆಲ್ಲೋ ಪ್ರೋಟೋಟೈಪೋ ಮಾಡಿ ಅದು ನಿಜವಾಗ್ಲೂ ಕೆಲ್ಸಕ್ಕೆ ಬರತ್ತಾ ಅಂತ ಪರೀಕ್ಷೆ ಮಾಡೋದು. 2010ರಲ್ಲಿ ಇಲ್ಲಿನ ಪ್ರೊಫೆಸರ್‌ಗಳು ಇದನ್ನ ಎತ್ತಿಹಿಡಿದು ಒಂದು ಮೆಮೊರಾಂಡಮ್ಮೇ ಹೊರಡಿಸಿದ್ರು. ಹೀಗೆ ಕಟ್ಟಿ ಪರೀಕ್ಷೆ ಮಾಡೋ ವಿಧಾನಕ್ಕೆ ಡಿಸೈನ್ ಸೈನ್ಸ್ ಅಂತಾರೆ, ಆ ಹೆಸರು ಯಾರಾದ್ರೂ ಎತ್ತಿದ್ರೆ ಹೆವ್ನರ್ ಮತ್ತು ಜೊತೆಗಾರರ 2004ರ ಪೇಪರ್, ಪೆಫರ್ಸ್ ಅವರ 2007ರ ಪೇಪರ್ ಎರಡನ್ನೂ ಓದ್ಕೊಂಡೇ ಮೀಟಿಂಗ್‌ಗೆ ಹೋಗಿ. ಸರ್ವೆ ಮಾಡೋ ದಾರೀನೂ ಇದೆ, ಜನ ಒಂದು ಟೆಕ್ನಾಲಜಿನ ಯಾಕೆ ಒಪ್ಕೊಳ್ತಾರೆ ಅಂತ ವಿವರಿಸೋ ಡೇವಿಸ್ ಅವರ 1989ರ ಟೆಕ್ನಾಲಜಿ ಅಕ್ಸೆಪ್ಟೆನ್ಸ್ ಮಾಡೆಲ್ ಇಟ್ಕೊಂಡು ಫ್ರೆಂಡ್ಸ್ ಗ್ರೂಪ್‌ಗೆ ಫಾರ್ಮ್ ಕಳಿಸೋದು ತುಂಬ ಜನ ಮಾಡ್ತಾರೆ, ನನ್ನ ಪ್ರಕಾರ ಅದು ಬೇಡ, ಯಾರು ಉತ್ತರ ಕೊಟ್ರು ಅನ್ನೋ ಮೊದಲ ಪ್ರಶ್ನೆಗೇ ಕೈ ಕಟ್ಟಿ ಹೋಗತ್ತೆ.

ಟಾಪಿಕ್ ಚಿಕ್ಕದು ಮಾಡೋದು ಹೇಗೆ ಅಂತ ಒಂದು ಉದಾಹರಣೆ ಇಟ್ಕೊಂಡೇ ನೋಡೋಣ. ‘ಸಣ್ಣ ಕಂಪನಿಗಳಲ್ಲಿ ಡಿಜಿಟಲೀಕರಣ’ ಅಂತ ಬರ್ಕೊಂಡು ಹೋದ್ರೆ ಮೊದಲ ಐದು ನಿಮಿಷದಲ್ಲೇ ವಾಪಸ್ ಬರತ್ತೆ. ಈಗ ಜರ್ಮನಿಯಲ್ಲಿ 2025ರ ಜನವರಿ 1ರಿಂದ ದೇಶದೊಳಗಿನ ವ್ಯವಹಾರಕ್ಕೆ ಕಂಪನಿಗಳು ಎಲೆಕ್ಟ್ರಾನಿಕ್ ಇನ್‌ವಾಯ್ಸ್ ತಗೊಳ್ಳೋಕೆ ರೆಡಿ ಇರ್ಲೇಬೇಕು ಅಂತ ಕಾನೂನು ಬಂದಿದೆ, ಬರೀ ಪಿಡಿಎಫ್ ಮೇಲ್ ಮಾಡಿದ್ರೆ ಅದು ಲೆಕ್ಕಕ್ಕಿಲ್ಲ, ಮಷೀನ್ ಓದೋ ಎಕ್ಸ್‌ರೆಕ್ನುಂಗ್, ಝುಗ್‌ಫೆರ್ಡ್ ಥರದ ಫಾರ್ಮ್ಯಾಟ್ ಬೇಕು. ಅಲ್ಲಿಂದ ಶುರು ಮಾಡಿ. ಯಾವ ಥರದ ಕಂಪನಿ? ಹತ್ತಿಪ್ಪತ್ತು ಜನ ಇರೋ ಪ್ಲಂಬಿಂಗ್, ಎಲೆಕ್ಟ್ರಿಕಲ್ ಕೆಲ್ಸದೋರು. ಯಾವ ಹಂತ? ಇನ್‌ವಾಯ್ಸ್ ಬಂದ್ಮೇಲೆ ಅದು ಅಕೌಂಟ್ಸ್‌ಗೆ ಸೇರೋವರೆಗಿನ ದಾರಿ. ಏನು ಕೇಳ್ತೀರ? ಆ ದಾರೀಲಿ ಯಾವ ಜಾಗದಲ್ಲಿ ಇನ್ನೂ ಕೈಯಲ್ಲಿ ಟೈಪ್ ಮಾಡ್ತಿದಾರೆ, ಯಾಕೆ. ಹನ್ನೆರಡು ಇಂಟರ್‌ವ್ಯೂ ಮಾಡಿದ್ರೆ ಉತ್ತರ ಸಿಗೋ ಪ್ರಶ್ನೆ ಇದು. ಆದ್ರೆ ಅಂಥ ಕಂಪನಿಯ ಓನರ್ ಜೊತೆ ಒಂದು ಗಂಟೆ ಜರ್ಮನ್‌ನಲ್ಲಿ ಮಾತಾಡೋಕೆ ಆಗತ್ತಾ ನಿಮ್ಗೆ? ಆಗಲ್ಲ ಅಂದ್ರೆ ಅದೇ ಪ್ರಶ್ನೇನ ಸಾಫ್ಟ್‌ವೇರ್ ಮಾಡೋರ ಕಡೆಯಿಂದ ಕೇಳಿ, ಅಲ್ಲಿ ಇಂಗ್ಲಿಷ್ ನಡೆಯೋ ಸಾಧ್ಯತೆ ಜಾಸ್ತಿ. ಥೀಸಿಸ್ ಇಂಗ್ಲಿಷ್‌ನಲ್ಲಿ ಬರೀಬಹುದು ಅಂದ ಮಾತ್ರಕ್ಕೆ ಡೇಟಾನೂ ಇಂಗ್ಲಿಷ್‌ನಲ್ಲಿ ಸಿಗಲ್ಲ ಕಣ್ರೀ.

ಕಂಪನಿಯಲ್ಲಿ ಥೀಸಿಸ್ ಮಾಡ್ತೀನಿ ಅನ್ನೋರು ಇದನ್ನ ನಿಧಾನಕ್ಕೆ ಓದಿ. ನಾನು ಮಾಡಿದ್ದು ಒಂದು ಕಂಪನಿಯ ಸಪೋರ್ಟ್ ಟಿಕೆಟ್ ಲಾಗ್ ಮೇಲೆ ಪ್ರೋಸೆಸ್ ಮೈನಿಂಗ್, ಅಂದ್ರೆ ಸಿಸ್ಟಮ್ ಲಾಗ್ ನೋಡಿ ಕೆಲ್ಸ ನಿಜವಾಗಿ ಯಾವ ದಾರೀಲಿ ಸಾಗತ್ತೆ ಅಂತ ಕಂಡುಹಿಡಿಯೋದು. ಮ್ಯಾನೇಜರ್ ಬಾಯಲ್ಲಿ ಆಯ್ತು ಅಂದ್ರು, ನಾನು ಖುಷೀಲಿ ಪ್ರೂಫುಂಗ್ಸಾಮ್ಟ್‌ಗೆ, ಅಂದ್ರೆ ಯೂನಿವರ್ಸಿಟಿಯ ಎಕ್ಸಾಮ್ ಆಫೀಸಿಗೆ ಹೋಗಿ ಥೀಸಿಸ್ ರಿಜಿಸ್ಟರ್ ಮಾಡ್ಸಿಬಿಟ್ಟೆ. ಆ ಲಾಗ್‌ನಲ್ಲಿ ಪ್ರತಿ ಟಿಕೆಟ್ ಪಕ್ಕದಲ್ಲೂ ಯಾರು ಮುಟ್ಟಿದ್ರು, ಎಷ್ಟು ಗಂಟೆಗೆ ಮುಟ್ಟಿದ್ರು ಅಂತ ಇತ್ತು. ಅಂದ್ರೆ ಯಾರು ಎಷ್ಟು ಕೆಲ್ಸ ಮಾಡಿದ್ರು ಅಂತ ಅಳೀಬಹುದು. ಅಂಥ ಸಿಸ್ಟಮ್‌ಗಳ ವಿಷ್ಯದಲ್ಲಿ ಇಲ್ಲಿ ಬೆಟ್ರೀಬ್ಸ್‌ರಾಟ್‌ಗೆ, ಅಂದ್ರೆ ನೌಕರರೇ ಆರಿಸೋ ಅವರ ಪ್ರತಿನಿಧಿಗಳ ಸಮಿತಿಗೆ, ಕಾನೂನಿನ ಪ್ರಕಾರ ಮಾತಿದೆ, ಅದರ ಮೇಲೆ 2018ರಿಂದ ಜಾರಿಯಲ್ಲಿರೋ ಯುರೋಪಿನ ಡೇಟಾ ರಕ್ಷಣೆ ಕಾನೂನು ಜಿಡಿಪಿಆರ್ ಬೇರೆ. ಅವ್ರು ಕೂತು ಚರ್ಚೆ ಮಾಡಿ, ಹೆಸರೆಲ್ಲ ತೆಗೆದು ಫೈಲ್ ನನ್ನ ಕೈಗೆ ಬರೋಷ್ಟರಲ್ಲಿ ಏಳು ವಾರ ಹೋಗಿತ್ತು. ಅವ್ರು ಮಾಡಿದ್ದು ಸರಿನೇ, ಅಲ್ಲಿ ಕೆಲ್ಸ ಮಾಡೋರ ಹಕ್ಕು ಅದು, ಮೊದ್ಲೇ ಕೇಳ್ಬೇಕಾಗಿದ್ದು ನಾನು. ಏಳು ವಾರ ಯಾಕೆ ದೊಡ್ಡದು ಅಂದ್ರೆ ಮಾಸ್ಟರ್ ಥೀಸಿಸ್ ಸಾಮಾನ್ಯವಾಗಿ 30 ಕ್ರೆಡಿಟ್, ಸುಮಾರು 900 ಗಂಟೆ ಕೆಲ್ಸ, ಬಹಳ ಕಡೆ ಟೈಮ್ ಇರೋದು ಆರು ತಿಂಗ್ಳು, ರಿಜಿಸ್ಟರ್ ಆದ ದಿನದಿಂದ ಗಡಿಯಾರ ಶುರು. ಕಾರಣ ಇಲ್ದೆ ಡೇಟ್ ದಾಟಿದ್ರೆ 5.0, ಅಂದ್ರೆ ಫೇಲು, ಇನ್ನೊಂದೇ ಅವಕಾಶ ಸಿಗೋದು. ತುಂಬ ಯೂನಿವರ್ಸಿಟಿಗಳಲ್ಲಿ ಶುರುವಿನ ಕೆಲವು ವಾರದೊಳಗೆ ಒಂದೇ ಒಂದು ಸಲ ಟಾಪಿಕ್ ವಾಪಸ್ ಕೊಡಬಹುದು, ನಿಮ್ಮಲ್ಲಿ ಎಷ್ಟು ವಾರ ಅಂತ ನಿಮ್ಮ ಕೋರ್ಸಿನ ಪ್ರೂಫುಂಗ್ಸ್‌ಓರ್ಡ್ನುಂಗ್‌ನಲ್ಲಿ, ಅಂದ್ರೆ ಪರೀಕ್ಷೆ ನಿಯಮಗಳ ಪುಸ್ತಕದಲ್ಲಿ ಬರ್ದಿರತ್ತೆ. ಡೇಟಾ ನಿಮ್ಮ ಲ್ಯಾಪ್‌ಟಾಪ್‌ಗೆ ಬಂದು, ಫೈಲ್ ಓಪನ್ ಆಗಿ, ಕಾಲಮ್‌ಗಳನ್ನ ಕಣ್ಣಾರೆ ನೋಡಿದ್ಮೇಲೆ ರಿಜಿಸ್ಟರ್ ಮಾಡ್ಸಿ.

ಕಂಪನಿಯೋರು ಷ್ಪೆರ್‌ಫರ್ಮೆರ್ಕ್ ಕೇಳ್ತಾರೆ, ಥೀಸಿಸ್ ಹೊರಗೆ ಯಾರಿಗೂ ತೋರಿಸ್ಬಾರ್ದು ಅನ್ನೋ ಷರತ್ತು, ಅದಕ್ಕೆ ಲೇರ್‌ಷ್ಟೂಲ್ ಒಪ್ಪತ್ತಾ ಅಂತ ಮುಂಚೆನೇ ಕೇಳಿ. ಕೆಲ್ಸ ಸಿಗಲ್ವೇನೋ ಅನ್ನೋ ಭಯಕ್ಕೆ ಮನಸ್ಸಿಲ್ದಿರೋ ಕಂಪನಿ ಟಾಪಿಕ್ ಒಪ್ಕೋಬೇಡಿ, ಡಿಗ್ರಿ ಮುಗಿಸಿದ್ಮೇಲೆ ಕೆಲ್ಸ ಹುಡುಕೋಕೆ 18 ತಿಂಗಳವರೆಗೆ ಪರ್ಮಿಟ್ ಸಿಗತ್ತೆ.

ಲೇರ್‌ಷ್ಟೂಲ್‌ಗೆ ಥೀಸಿಸ್ ಕೇಳಿ ಬರೆಯೋ ಮೇಲ್ ಚಿಕ್ಕದಾಗಿರ್ಲಿ. ಅವ್ರ ಯಾವ ಪೇಪರ್ ಓದಿದ್ರಿ, ಅದರಲ್ಲಿ ಏನು ಬಾಕಿ ಇದೆ ಅನ್ಸ್ತು, ಯಾವ ತಿಂಗಳು ಶುರು ಮಾಡ್ಬೇಕು ಅಂತಿದೀರ, ಇಷ್ಟು ಸಾಕು, ಜೊತೆಗೆ ಮಾರ್ಕ್ಸ್ ಶೀಟು, ಸಿವಿ, ಎರಡು ಮೂರು ಪುಟದ ಎಕ್ಸ್‌ಪೋಸೇ. ಎಕ್ಸ್‌ಪೋಸೇ ಅಂದ್ರೆ ಪ್ರಶ್ನೆ, ವಿಧಾನ, ಡೇಟಾ ಎಲ್ಲಿಂದ ಬರತ್ತೆ, ವಾರದ ಲೆಕ್ಕ. ಉತ್ತರ ಬರ್ಲಿಲ್ಲ ಅಂದ್ರೆ ಎರಡು ವಾರ ಬಿಟ್ಟು ಒಂದು ಸಲ ನೆನಪಿಸಿ, ಆಗಸ್ಟ್‌ನಲ್ಲಾದ್ರೆ ಇನ್ನೂ ಸ್ವಲ್ಪ ದಿನ ಕಾಯಿರಿ, ಅರ್ಧ ಆಫೀಸು ರಜೆ ಮೇಲಿರತ್ತೆ.