ಕೋಲಾರದ ಹಳ್ಳಿಗಳಲ್ಲಿ ಸಣ್ಣ ಸ್ವಯಂಸೇವಾ ಸಂಸ್ಥೆ ಆರಂಭಿಸುವವರು ಮೊದಲು ಮಾಡಬೇಕಾದ ಕೆಲಸಗಳು

ಬಡವರಿಗಾಗಿ ಸಂಸ್ಥೆ ಕಟ್ಟಲು ಹೊರಡುವವರು ಸಾಮಾನ್ಯವಾಗಿ ಮೊದಲು ಹೆಸರು, ನೋಂದಣಿ, ದಾನಿಗಳ ವಿಷಯ ಯೋಚಿಸುತ್ತಾರೆ. ಇವೆಲ್ಲ ಆಮೇಲೆ ಆಗಬೇಕಾದವು. ಸಣ್ಣ ಸಂಸ್ಥೆ ಸಂಗ್ರಹಿಸುವ ಹಣ ಒಂದು ಹೋಬಳಿಯ ಬಡತನಕ್ಕೂ ಸಾಲುವುದಿಲ್ಲ. ಕಾನೂನಿನ ಪ್ರಕಾರ ಬಡ ಮನೆಗಳಿಗೆ ಈಗಾಗಲೇ ಸಲ್ಲಬೇಕಾದುದನ್ನು ಸಲ್ಲುವಂತೆ ಮಾಡುವುದೇ ಅದರ ನಿಜವಾದ ಕೆಲಸ ಎಂದು ನಾನು ದೃಢವಾಗಿ ನಂಬಿದ್ದೇನೆ.

ಎರಡು ಮೂರು ಹಳ್ಳಿಗಳನ್ನು ಮಾತ್ರ ಆರಿಸಿಕೊಳ್ಳಿ. ಕೂಲಿಗೆ, ಗಾರೆ ಕೆಲಸಕ್ಕೆ, ಟೊಮೆಟೊ ಬಿಡಿಸಲು ಹೋದವರು ಸಂಜೆಯೇ ಮನೆಗೆ ಮರಳುವುದರಿಂದ ಆ ಹೊತ್ತಿನಲ್ಲೇ ಹೋಗಿ, ದಲಿತರ ಕಾಲೋನಿಯಿಂದಲೇ ಮಾತು ಆರಂಭಿಸಿ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಜಿಲ್ಲೆಯ ಕೆರೆಗಳಿಗೆ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರು ಬರುತ್ತಿದೆ. ಆದರೆ ಕೆರೆ ತುಂಬಿದ ಊರಿನಲ್ಲೂ ಭೂಮಿಯಿಲ್ಲದ ಮನೆಗೆ ಅದರಿಂದ ನೇರವಾಗಿ ಸಿಗುವುದು ಕಡಿಮೆ ಎಂಬುದನ್ನು ನೆನಪಿನಲ್ಲಿಡಿ.

ಮನೆಯ ಆದಾಯವನ್ನು ಕೇಳುವುದಕ್ಕಿಂತ ಸಾಲವನ್ನು ಕೇಳಿ ತಿಳಿಯುವುದು ಮುಖ್ಯ. ಸಾವಿರ ಅಡಿ ಕೊರೆಸಿದರೂ ನೀರು ಸಿಗದ ಕೊಳವೆಬಾವಿ, ಆಸ್ಪತ್ರೆ ಖರ್ಚು, ಮದುವೆ, ಬೆಲೆ ಕುಸಿದು ನೆಲಕ್ಕೆ ಸುರಿದ ಟೊಮೆಟೊ, ಹೀಗೆ ಪ್ರತಿ ಸಾಲಕ್ಕೂ ಒಂದು ಕಾರಣವಿರುತ್ತದೆ. ಕೈಸಾಲ, ಒಡವೆ ಸಾಲ, ಮಂಡಿಯವರ ಮುಂಗಡ, ವಾರದ ಕಂತಿನ ಮೈಕ್ರೋಫೈನಾನ್ಸ್ ಸಾಲ ಇವುಗಳನ್ನು ಬೇರೆ ಬೇರೆಯಾಗಿ ಬರೆದುಕೊಂಡು, ಬಡ್ಡಿಯನ್ನು ವರ್ಷದ ಲೆಕ್ಕಕ್ಕೆ ತಂದು ಮನೆಯವರಿಗೆ ತೋರಿಸಿ. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ ಎಂದರೆ ವರ್ಷಕ್ಕೆ ಶೇ. 36 ಆಗುತ್ತದೆ. ವಸೂಲಿಗೆ ಬಂದವರು ಬೆದರಿಸಿದರೆ, ಬಲವಂತದ ವಸೂಲಿಯನ್ನು ತಡೆಯಲು ರಾಜ್ಯ 2025ರಲ್ಲಿ ತಂದ ಕಾನೂನಿನಡಿ ದೂರು ಕೊಡಲು ಜೊತೆಗೆ ಹೋಗಿ. ಆದರೆ ಕಂತು ಕಟ್ಟಬೇಡಿ ಎಂದು ಯಾರಿಗೂ ಹೇಳಬೇಡಿ. 2009ರಲ್ಲಿ ಕೋಲಾರದಲ್ಲಿ ಮರುಪಾವತಿ ಸಾಮೂಹಿಕವಾಗಿ ನಿಂತಾಗ ಸಾಲ ನೀಡುವವರು ಹಿಂದೆ ಸರಿದರು, ಅದರ ಕಷ್ಟವನ್ನು ಅನುಭವಿಸಿದವರು ಬಡ ಹೆಂಗಸರೇ.

ಮುಂದಿನದು ದಾಖಲೆಗಳ ಕೆಲಸ. ಗಂಡನ ಮರಣ ಪ್ರಮಾಣಪತ್ರವಿಲ್ಲದ ಕಾರಣಕ್ಕೆ ವಿಧವಾ ವೇತನ ಸಿಗದ ಹೆಂಗಸು ಬಹುತೇಕ ಪ್ರತಿ ಊರಿನಲ್ಲೂ ಇರುತ್ತಾಳೆ. ಮರಣವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ಒಂದು ವರ್ಷ ದಾಟಿದರೆ ದಂಡಾಧಿಕಾರಿಯ ಆದೇಶ ಬೇಕಾಗುವುದರಿಂದ, ಅಂಥ ಪ್ರಕರಣಗಳನ್ನು ಒಟ್ಟುಗೂಡಿಸಿ ಒಂದೇ ಸಲ ಮುಂದಿಡುವುದು ಅನುಕೂಲ. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟಾಗ ಸ್ವೀಕೃತಿ ಪಡೆದುಕೊಳ್ಳಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ. 30 ದಿನಗಳೊಳಗೆ ಉತ್ತರ ಕೊಡಬೇಕು, ಬಿಪಿಎಲ್ ಕಾರ್ಡುದಾರರು ಶುಲ್ಕ ಕಟ್ಟಬೇಕಾಗಿಲ್ಲ. ಅರ್ಜಿಯನ್ನು ಸಂಬಂಧಪಟ್ಟವರೇ ಕೊಡಲಿ, ನೀವು ಪಕ್ಕದಲ್ಲಿರಿ. ನೀವೇ ಎಲ್ಲವನ್ನೂ ಮಾಡಿಸಿಕೊಟ್ಟರೆ ಊರಿಗೆ ಇನ್ನೊಬ್ಬ ಮಧ್ಯವರ್ತಿ ಸಿಕ್ಕಂತಾಗುತ್ತದೆ.

ಹೊಸ ಮಹಿಳಾ ಸಂಘ ಕಟ್ಟುವ ಮೊದಲು ಊರಿನಲ್ಲಿ ಸರ್ಕಾರಿ ಯೋಜನೆಗಳಡಿ ಈಗಾಗಲೇ ಇರುವ ಸ್ತ್ರೀಶಕ್ತಿ ಅಥವಾ ಸಂಜೀವಿನಿ ಸ್ವಸಹಾಯ ಗುಂಪುಗಳ ಪುಸ್ತಕಗಳನ್ನು ನೋಡಿ. ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರದಲ್ಲೂ ಕೆಲಸ ಮಾಡಿದ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ 1980ರ ದಶಕದಲ್ಲಿ, ದೊಡ್ಡ ಸಹಕಾರ ಸಂಘಗಳು ಒಡೆದಾಗ, ಪರಸ್ಪರ ನಂಬಿಕೆಯುಳ್ಳವರ ಸಣ್ಣ ಗುಂಪುಗಳು ಉಳಿಯುವುದನ್ನು ಕಂಡಿತು. 1992ರಲ್ಲಿ ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ನಬಾರ್ಡ್ ಇಂಥ 500 ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗ ಆರಂಭಿಸಿತು. ಗುಂಪನ್ನು ಉಳಿಸುವುದು ಈ ನಂಬಿಕೆಯೇ ಆದ್ದರಿಂದ ಸದಸ್ಯರನ್ನು ಹೆಂಗಸರೇ ಆರಿಸಿಕೊಳ್ಳಲಿ, ಪಟ್ಟಿಯನ್ನು ನೀವು ಮಾಡಬೇಡಿ.

ಇಷ್ಟಾದ ಮೇಲೆ ನೋಂದಣಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಕನಿಷ್ಠ ಏಳು ಸದಸ್ಯರು ಬೇಕು. ಒಂದೇ ಮನೆಯ ಏಳು ಮಂದಿಯ ಬದಲು ಫಲಾನುಭವಿ ಮನೆಗಳವರೂ ಅದರಲ್ಲಿರಲಿ. ವಿದೇಶಿ ದೇಣಿಗೆಗೆ ಕೇಂದ್ರ ಗೃಹ ಸಚಿವಾಲಯದ ಅನುಮತಿ ಕಡ್ಡಾಯ, ಆಡಳಿತ ವೆಚ್ಚ ಆ ಹಣದ ಶೇ. 20 ಮೀರುವಂತಿಲ್ಲ, ಮೊದಲ ವರ್ಷಗಳಲ್ಲಿ ಆ ದಾರಿ ಬೇಡವೆಂಬುದು ನನ್ನ ಸಲಹೆ. ದಾನಿಗಳಿಗೆ ಕಳುಹಿಸಲೆಂದು ಪಡಿತರ ಪಡೆಯುವವರ ಮುಖದ ಫೋಟೋ ತೆಗೆಯಬೇಡಿ.

ಲೆಕ್ಕಪರಿಶೋಧನೆ ಮುಗಿದ ಕೂಡಲೇ ಸಂಬಳ, ಡೀಸೆಲ್, ಬಾಡಿಗೆ ಸೇರಿದಂತೆ ಇಡೀ ವರ್ಷದ ಖರ್ಚನ್ನು ಆ ಹಳ್ಳಿಗಳಲ್ಲಿಯೇ ಸಂಜೆಯ ಸಭೆ ಕರೆದು ಗಟ್ಟಿಯಾಗಿ ಓದಿ, ಮುಳಬಾಗಿಲು ಕಡೆಯ ತೆಲುಗು ಮಾತಾಡುವ ಮನೆಗಳಿಗೆ ತೆಲುಗಿನಲ್ಲಿಯೂ ವಿವರಿಸಿ, ಅವರು ಕೇಳಿದ ಪ್ರಶ್ನೆಗಳನ್ನು ನಡಾವಳಿ ಪುಸ್ತಕದಲ್ಲಿ ಬರೆದಿಡಿ.