ವೀರ್ಯದ ಆಸಿಡ್ ಫಾಸ್ಫಟೇಸ್: ಸಣ್ಣ ಲ್ಯಾಬಿನಲ್ಲಿ ಕೊನೆಗೂ ನಿಂತ ರೀಡಿಂಗ್

ವೀರ್ಯದಲ್ಲಿರುವ ಆಸಿಡ್ ಫಾಸ್ಫಟೇಸ್ ಎಂಬ ಕಿಣ್ವವನ್ನು ನಮ್ಮ ಸಣ್ಣ ಲ್ಯಾಬಿನಲ್ಲೇ ಅಳೆಯುತ್ತೇವೆ ಎಂದಾಗ, "ಸೀರಮ್ ಕಿಟ್ ಇಟ್ಕೊಂಡು ವೀರ್ಯ ಅಳೀತೀರಾ? ಸುಮ್ನೆ ಬೆಂಗಳೂರಿಗೆ ಕಳ್ಸಿ" ಅಂದವರೇ ಹೆಚ್ಚು. ರಕ್ತದ ಸೀರಮ್‌ಗೆಂದು ಮಾಡಿದ ಆ ಕಿಟ್ ವಿಷಯದಲ್ಲಿ ಅವರ ಮಾತು ಸರಿ. ಪ್ರೊಸ್ಟೇಟ್ ಗ್ರಂಥಿ ಸುರಿಸುವ ಈ ಕಿಣ್ವ ವೀರ್ಯದಲ್ಲಿ ಸೀರಮ್‌ಗಿಂತ ಸಾವಿರಾರು ಪಟ್ಟು ಜಾಸ್ತಿ. ಕಿಟ್ ಹಾಕಿದರೆ ರೀಡಿಂಗ್ ಸ್ಕೇಲ್ ದಾಟಿ ಹೋಗುತ್ತದೆ. ಅದಕ್ಕೇ ಕಿಟ್ ಬಿಟ್ಟು, ಈ ಕಿಣ್ವ ಕತ್ತರಿಸಿದರೆ ಹಳದಿ ಬಣ್ಣ ಕೊಡುವ ನೈಟ್ರೊಫಿನೈಲ್ ಫಾಸ್ಫೇಟ್ ಪುಡಿ ತರಿಸಿ, ಸಿಟ್ರೇಟ್ ಬಫರ್ ನಾವೇ ಕಲಸಿದೆವು.

ವೀರ್ಯವನ್ನು ಸಲೈನಿನಲ್ಲಿ (ಉಪ್ಪುನೀರಿನಲ್ಲಿ) ಎರಡು-ಮೂರು ಸಾವಿರ ಪಟ್ಟು ತೆಳು ಮಾಡಿದಾಗ ಹಳದಿ ಬಣ್ಣ ಸ್ಕೇಲಿನೊಳಗೆ ಬಂತು, ಆದರೆ ನಿಲ್ಲಲಿಲ್ಲ. ಬೆಳಿಗ್ಗೆ 300 ಯೂನಿಟ್ ತೋರಿಸಿದ ಸ್ಯಾಂಪಲ್ ಮಧ್ಯಾಹ್ನ 180ರ ಹತ್ತಿರ. ಪುಡಿ ಬದಲಾಯಿತು, ಬಣ್ಣ ಅಳೆಯುವ ಯಂತ್ರದ ಫಿಲ್ಟರ್ ಬದಲಾಯಿತು, ಹದಿನೈದು ಸಾವಿರದಷ್ಟು ದುಡ್ಡು ಕರಗಿತು. ಕೊನೆಗೆ ಸಿಕ್ಕಿದ್ದು ಇಷ್ಟು: ಅಷ್ಟು ತೆಳುವಾದ ಕಿಣ್ವ ಟ್ಯೂಬಿನ ಗೋಡೆಗೆ ಅಂಟುತ್ತದೆ, ಜೋರಾಗಿ ಅಲುಗಾಡಿಸಿದರೆ ನೊರೆಯಲ್ಲೇ ಕೆಡುತ್ತದೆ. ಸಲೈನ್ ಬಿಟ್ಟು ಆಮ್ಲೀಯ ಬಫರಿನಲ್ಲೇ ತೆಳು ಮಾಡಿ, ಅದಕ್ಕೆ ಆಲ್ಬುಮಿನ್ ಎಂಬ ಪ್ರೋಟೀನ್, ಟ್ರೈಟಾನ್ ಎಂಬ ಸೋಪಿನಂಥ ದ್ರವ ಸೇರಿಸಿದ ಮೇಲೆ ರೀಡಿಂಗ್ ಸಂಜೆವರೆಗೂ ಕದಲಲಿಲ್ಲ. ಎಷ್ಟೆಷ್ಟು ಅನ್ನುವುದು ನನ್ನ ಹತ್ತಿರವೇ ಇರಲಿ. ಇನ್ನೊಂದು: ಅಂಟಾದ ವೀರ್ಯವನ್ನು ಪಿಪೆಟ್ ನಂಬಿ ಅಳೆಯಬೇಡಿ, ತೂಕ ಮಾಡಿ. ಈಗ ಒಂದು ಟೆಸ್ಟಿಗೆ ನಮಗೆ ಬೀಳುವ ಖರ್ಚು 20-25 ರೂಪಾಯಿ.

ಉಪಯೋಗಕ್ಕೆ ಬಂದದ್ದು ಒಬ್ಬ ಯುವಕನ ರಿಪೋರ್ಟಿನಲ್ಲಿ. ವೀರ್ಯಾಣು ಶೂನ್ಯ, ಪ್ರಮಾಣ ಒಂದು ಎಂ.ಎಲ್.ಗೂ ಕಡಿಮೆ, ಪಿಎಚ್ 6.5ರ ಆಸುಪಾಸು, ವೀರ್ಯಕೋಶದಿಂದ ಬರುವ ಸಕ್ಕರೆಯಾದ ಫ್ರಕ್ಟೋಸ್ ಇಲ್ಲ. ಆಸಿಡ್ ಫಾಸ್ಫಟೇಸ್ ಮಾತ್ರ ಒಂದು ಎಂ.ಎಲ್. ಲೆಕ್ಕದಲ್ಲಿ ವಿಪರೀತ. ಅಂದರೆ ಬಂದದ್ದೆಲ್ಲ ಪ್ರೊಸ್ಟೇಟಿನ ರಸ. ವೀರ್ಯಕೋಶದ ರಸ ಸೇರಿಯೇ ಇಲ್ಲ. ಡಾಕ್ಟರು ಕೈಯಿಟ್ಟು ನೋಡಿದರೆ ಎರಡೂ ಕಡೆ ವೀರ್ಯಾಣು ಸಾಗಿಸುವ ವೀರ್ಯನಾಳವೇ ಇರಲಿಲ್ಲ, ಹುಟ್ಟಿನಿಂದಲೇ. ಅಲ್ಲಿಯವರೆಗೆ ಆತ ಕಂಡಕಂಡ ಟಾನಿಕ್ಕಿಗೆ ದುಡ್ಡು ಸುರಿದಿದ್ದ. ಬರೀ "ವೀರ್ಯಾಣು ಇಲ್ಲ" ಎಂದು ಬರೆದು ಕಳಿಸುವುದು ಅನ್ಯಾಯ ಎಂದು ನಾನು ಹೇಳುವುದು ಇದಕ್ಕೇ. ಉಲ್ಟಾ ಕೇಸೂ ಇವೆ: ಹಳೆಯ ಪ್ರೊಸ್ಟೇಟ್ ಸೋಂಕಿನವರಲ್ಲಿ ಈ ಕಿಣ್ವವೂ ಸತುವೂ ಒಟ್ಟಿಗೆ ಇಳಿದದ್ದನ್ನು ಕಂಡಿದ್ದೇನೆ. ಆದರೆ ಇದನ್ನು ಕ್ಯಾನ್ಸರ್ ಟೆಸ್ಟ್ ಎಂದು ಯಾರಿಗೂ ಮಾರಬೇಡಿ.

ಸತುವಿನ ಮಾತು ಬಂತು. ಒಪ್ಪಿಗೆ ಪಡೆದ ತಾಜಾ ಸ್ಯಾಂಪಲ್ಲಿಗೆ ಚೂರು ಸತುವಿನ ಸಲ್ಫೇಟ್ ಹಾಕಿ ನೋಡಿದೆ. ಅರ್ಧ ಗಂಟೆಯೊಳಗೆ ನೀರಾಗಬೇಕಾದ್ದು ಗಂಟೆ ದಾಟಿದರೂ ಗಟ್ಟಿಯಾಗೇ ಇತ್ತು. ಆ ಗಟ್ಟಿಯನ್ನು ಕತ್ತರಿಸುವುದು ಪ್ರೊಸ್ಟೇಟಿನದೇ ಇನ್ನೊಂದು ಕಿಣ್ವ, ಪಿಎಸ್‌ಎ. ಅದನ್ನು ಸತು ತಡೆಹಿಡಿಯುತ್ತದೆ ಎಂದು ಪುಸ್ತಕದಲ್ಲಿ ಓದಿದ್ದು ಟ್ಯೂಬಿನಲ್ಲೇ ಕಂಡಿತು.

ಪ್ರತಿ ಬ್ಯಾಚಿನಲ್ಲೂ ಆಮ್ಲ ಸೇರಿಸಿ ಫ್ರೀಜ್ ಮಾಡಿಟ್ಟ ಕಂಟ್ರೋಲ್ (ರೀಡಿಂಗ್ ಮೊದಲೇ ಗೊತ್ತಿರುವ ಸ್ಯಾಂಪಲ್) ಒಂದನ್ನು ಓಡಿಸುತ್ತೇನೆ. ಅದು ಶೇ 10ಕ್ಕಿಂತ ಆಚೀಚೆ ಹೋದ ದಿನ ರಿಪೋರ್ಟ್ ಕೊಡುವುದಿಲ್ಲ, ಡಾಕ್ಟರು ಎಷ್ಟೇ ಫೋನ್ ಮಾಡಲಿ.