ಸಂತೆಯ ದಿನದ ಮಾತ್ರೆ

ಬಾಯಿ ತೆರೆಸಿ ಟಾರ್ಚ್ ಬಿಟ್ಟ ಕೂಡಲೇ ಏನಾಗಿದೆಯೆಂದು ಗೊತ್ತಾಯಿತು. ನಾಲಿಗೆ, ತುಟಿ, ಕೆನ್ನೆಯ ಒಳಭಾಗ ಎಲ್ಲವೂ ಹಸಿ ಗಾಯ. ಎರಡು ದಿನಗಳಿಂದ ಮಜ್ಜಿಗೆ ಬಿಟ್ಟು ಬೇರೇನೂ ಇಳಿದಿಲ್ಲ ಎಂದು ಜೊತೆಗೆ ಬಂದಿದ್ದ ಮಗ ಹೇಳಿದ. ಚನ್ನಗಿರಿ ಕಡೆಯ ಹೆಂಗಸು, ಅಡಿಕೆ ಸುಲಿಯುವ ಕೆಲಸ. ಕೀಲುಗಳು ಊದಿ ಸೊಟ್ಟಗಾಗುವ ರುಮಟಾಯ್ಡ್ ಸಂಧಿವಾತವೆಂದು ಮೂರು ವಾರದ ಹಿಂದೆ ನಾನೇ ಚಿಕಿತ್ಸೆ ಶುರು ಮಾಡಿದ್ದೆ. ಭಾನುವಾರ ಒಂದು ಮೆಥೋಟ್ರೆಕ್ಸೇಟ್ 10 ಮಿಲಿಗ್ರಾಂ, ಅದು ರೋಗವನ್ನು ಹಿಡಿದಿಡುವ ಮಾತ್ರೆ, ವಾರಕ್ಕೆ ಒಂದೇ ಸಲ; ಉಳಿದ ಆರು ದಿನ ದಿನಕ್ಕೊಂದು ಫೋಲಿಕ್ ಆಸಿಡ್, ಅದರ ಅಡ್ಡಪರಿಣಾಮ ತಗ್ಗಿಸುವ ವಿಟಮಿನ್. ಅವರು ತಿರುಗುಮುರುಗಾಗಿ ನುಂಗಿದ್ದರು. ಭಾನುವಾರ ಫೋಲಿಕ್ ಆಸಿಡ್, ಉಳಿದ ಆರೂ ದಿನ ಮೆಥೋಟ್ರೆಕ್ಸೇಟ್.

“ನೀವು ಹೇಳಿದ ಹಾಗೆಯೇ ತೆಗೆದುಕೊಂಡೆ ಡಾಕ್ಟರೇ, ಒಂದು ದಿನವೂ ತಪ್ಪಿಸಿಲ್ಲ” ಎಂದರು, ಮಾತು ಹೊರಡದ ಬಾಯಲ್ಲಿ. ಬಿಳಿ ರಕ್ತಕಣ ಎರಡು ಸಾವಿರಕ್ಕಿಂತ ಕೆಳಗೆ, ಪ್ಲೇಟ್‌ಲೆಟ್ ನಲವತ್ತು ಸಾವಿರ. ಮೆಥೋಟ್ರೆಕ್ಸೇಟಿನ ವಿಷಕ್ಕೆ ಪ್ರತಿಮದ್ದಾದ ಫೋಲಿನಿಕ್ ಆಸಿಡ್ ಕೊಟ್ಟು ಹನ್ನೆರಡು ದಿನ ವಾರ್ಡಿನಲ್ಲಿ ಇರಿಸಿಕೊಂಡೆವು. ಬದುಕಿದರು.

ಎರಡೂ ಮಾತ್ರೆ ಹಳದಿ, ಎರಡೂ ಪುಟ್ಟವು. ಔಷಧಿ ಅಂಗಡಿಯಲ್ಲಿ ಸ್ಟ್ರಿಪ್ ಕತ್ತರಿಸಿ ಕೊಟ್ಟಾಗ ಹೆಸರಿದ್ದ ಭಾಗ ಅಂಗಡಿಯಲ್ಲೇ ಉಳಿದಿತ್ತು. ಮೊದಲು ಅಂಗಡಿಯವನ ಮೇಲೆ ರೇಗಿದೆ. ಆಮೇಲೆ ನನ್ನ ಚೀಟಿಯನ್ನೇ ತರಿಸಿ ನೋಡಿದೆ. ಇಂಗ್ಲಿಷಿನಲ್ಲಿ, ಕೋಳಿ ಕೆದರಿದಂಥ ಅಕ್ಷರದಲ್ಲಿ, ಒಂದರ ಕೆಳಗೊಂದು ಎರಡು ಸಾಲು. ನನಗೇ ಓದಲು ಅರ್ಧ ನಿಮಿಷ ಬೇಕಾಯಿತು.

ನಾನು ಸಾಮಾನ್ಯ ವೈದ್ಯಶಾಸ್ತ್ರ ಓದಿದವನು, ಕೀಲುರೋಗದಲ್ಲಿ ವಿಶೇಷ ಪದವಿ ಪಡೆದಿಲ್ಲ. ದಾವಣಗೆರೆಯಲ್ಲಿ ಕ್ಲಿನಿಕ್ ತೆರೆದಾಗ ಇಂಥ ರೋಗಿಗಳನ್ನು ಬೆಂಗಳೂರಿಗೆ ಕಳಿಸುತ್ತಿದ್ದೆ. ಸುಮಾರು 260 ಕಿಲೋಮೀಟರ್. ಹತ್ತು ಮಂದಿಯನ್ನು ಕಳಿಸಿದರೆ ಎರಡನೆಯ ಭೇಟಿಗೆ ಹೋಗುತ್ತಿದ್ದವರು ಇಬ್ಬರೋ ಮೂವರೋ. ಉಳಿದವರು ಕೈಬೆರಳು ಸೊಟ್ಟಗಾದ ಮೇಲೆ ನನ್ನ ಬಳಿಗೇ ವಾಪಸ್ಸು ಬರುತ್ತಿದ್ದರು. ಹಾಗಾಗಿ ಓದಿಕೊಂಡು, ಬಲ್ಲವರನ್ನು ಫೋನಿನಲ್ಲಿ ಕಾಡಿ, ವಾರಕ್ಕೊಂದು ಮಧ್ಯಾಹ್ನವನ್ನು ಕೀಲಿನ ರೋಗಿಗಳಿಗೆಂದೇ ಇಟ್ಟೆ. ಈ ಬರಹ ಅದೇ ಸ್ಥಿತಿಯಲ್ಲಿರುವ ಜಿಲ್ಲೆ, ತಾಲ್ಲೂಕುಗಳ ವೈದ್ಯಮಿತ್ರರಿಗೆ.

ಆ ಘಟನೆಯ ಮರುದಿನವೇ ಬದಲಿಸಿದ್ದು ಫೋಲಿಕ್ ಆಸಿಡ್ ಕೊಡುವ ಕ್ರಮವನ್ನು. ವಾರಕ್ಕೆ 5 ಮಿಲಿಗ್ರಾಂ ಸಾಕು ಎಂದ ಮೇಲೆ ಅದನ್ನೂ ವಾರಕ್ಕೆ ಒಂದೇ ಸಲ, ಮೆಥೋಟ್ರೆಕ್ಸೇಟಿನ ಮರುದಿನ ಕೊಟ್ಟರಾಯಿತು. ಈಗ ರೋಗಿ ಎರಡನ್ನೂ ಅದಲುಬದಲು ಮಾಡಿದರೂ ಆಗುವ ಅನಾಹುತ ಏನೂ ಇಲ್ಲ. ಮೆಥೋಟ್ರೆಕ್ಸೇಟನ್ನು ಒಂದೇ ಪ್ರಮಾಣದ ಮಾತ್ರೆಯಲ್ಲಿ ಬರೆಯುತ್ತೇನೆ, 2.5ರ ಮಾತ್ರೆಯನ್ನೂ 10ರ ಮಾತ್ರೆಯನ್ನೂ ಒಂದೇ ಮನೆಗೆ ಕಳಿಸುವುದಿಲ್ಲ. ನಾಲ್ಕು ವಾರಕ್ಕೆ ಎಣಿಸಿದ ನಾಲ್ಕು ಮಾತ್ರೆ, ಅಷ್ಟೇ. ಐದನೆಯದು ರಕ್ತಪರೀಕ್ಷೆಯ ವರದಿ ತಂದ ಮೇಲೆ.

ದಿನವನ್ನು ಗೊತ್ತುಮಾಡುವುದೇ ದೊಡ್ಡ ಪಾಡು. “ವಾರಕ್ಕೊಮ್ಮೆ” ಎಂಬ ಮಾತು ನಮಗೆ ಸರಳ. ನಮ್ಮ ಹಳ್ಳಿಗಳಲ್ಲಿ “ವಾರ” ಎಂದರೆ ಮನೆದೇವರ ವಾರ. ಕೆಲವರಿಗೆ ಸೋಮವಾರ, ಕೆಲವರಿಗೆ ಶುಕ್ರವಾರ. ಸರಿ, ಆ ದಿನವನ್ನು ಯಾರೂ ಮರೆಯುವುದಿಲ್ಲವಲ್ಲ ಎಂದು ಮೊದಲು ಅದನ್ನೇ ಹಿಡಿದೆ. ಕೆಟ್ಟ ಆಯ್ಕೆ. ವಾರದ ದಿನ ಒಪ್ಪೊತ್ತು. ಖಾಲಿ ಹೊಟ್ಟೆಯಲ್ಲಿ ನುಂಗಿ ವಾಂತಿ ಮಾಡಿಕೊಂಡವರಿದ್ದರು, ದೇವರ ದಿನ ಇಂಗ್ಲಿಷ್ ಔಷಧಿ ಬೇಡವೆಂದು ಬಿಟ್ಟವರೂ ಇದ್ದರು. ಆಗ ಹೊಳೆದದ್ದು ಸಂತೆ. ತಮ್ಮೂರಿನದೋ ಪಕ್ಕದೂರಿನದೋ ಸಂತೆ ಯಾವ ದಿನವೆಂದು ಎಂಬತ್ತರ ಅಜ್ಜಿಗೂ ಗೊತ್ತು. ಅಂದು ಮನೆಯಲ್ಲಿ ಕಾಯಿಪಲ್ಲೆ ಇರುತ್ತದೆ, ಮಂಡಕ್ಕಿ ಇರುತ್ತದೆ, ಊಟ ಚೆನ್ನಾಗಿರುತ್ತದೆ. ರಾತ್ರಿ ಉಂಡ ಮೇಲೆ ಮಾತ್ರೆ ನುಂಗಿ ಮಲಗಿದರೆ ಹೊಟ್ಟೆ ತೊಳಸುವುದು ನಿದ್ದೆಯಲ್ಲೇ ಕಳೆದುಹೋಗುತ್ತದೆ. ಈಗ ನನ್ನ ಕಾಂಪೌಂಡರ್ ಸಹ ಅದನ್ನು “ಸಂತೆ ಮಾತ್ರೆ” ಎಂದೇ ಕರೆಯುತ್ತಾನೆ. ಫೋಲಿಕ್ ಆಸಿಡ್ “ಸಂತೆ ಮರುದಿನದ ಮಾತ್ರೆ”.

ಒಂದು ಹಳೆಯ ಮಾತ್ರೆಗೆ ಇಷ್ಟು ಮಾತೇಕೆ ಎನ್ನಬಹುದು. ಗ್ಲಾಸ್ಗೋದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಟಿಕೋರಾ ಅಧ್ಯಯನವನ್ನು ನೋಡಿ. ಹಳೆಯ ಮಾತ್ರೆಗಳೇ, ಬಯಾಲಜಿಕ್ ಎನ್ನುವ ದುಬಾರಿ ಜೈವಿಕ ಔಷಧಿ ಒಂದೂ ಇಲ್ಲ. ತಿಂಗಳಿಗೊಮ್ಮೆ ಕರೆಸಿ, ನೋವು, ಊತ ಇರುವ ಕೀಲು ಎಣಿಸಿ, ರೋಗದ ಅಂಕ ಇಳಿಯದಿದ್ದರೆ ಔಷಧಿ ಏರಿಸಿದ ಗುಂಪಿನಲ್ಲಿ ನೂರಕ್ಕೆ 65 ಮಂದಿಗೆ ರೋಗ ಶಮನವಾಯಿತು. ಮಾಮೂಲಿನಂತೆ ನೋಡಿದವರಲ್ಲಿ 16 ಮಂದಿಗೆ ಮಾತ್ರ. ಇದನ್ನು ಓದಿದ ದಿನ ನನ್ನ ಹಳೆಯ ಚೀಟಿಗಳನ್ನು ನೆನೆದು ನಾಚಿಕೆಯಾಯಿತು. “ಹೇಗಿದ್ದೀರಿ?” “ಪರವಾಗಿಲ್ಲ.” “ಹಾಗಾದರೆ ಅದೇ ಮಾತ್ರೆ ಮುಂದುವರಿಸಿ.” ನಾನು ವರ್ಷಗಟ್ಟಲೆ ಮಾಡಿದ್ದು ಅದನ್ನೇ.

ಎಣಿಸಲು ನಾನು ಬಳಸುವುದು ಸಿಡಿಎಐ, ರೋಗದ ಜೋರನ್ನು ಅಳೆಯುವ ಒಂದು ಅಂಕ. ಪ್ರಯೋಗಾಲಯದ ವರದಿಗೆ ಕಾಯಬೇಕಿಲ್ಲವೆಂಬುದೇ ಅದರ ಗುಣ. ಇಪ್ಪತ್ತೆಂಟು ಕೀಲುಗಳಲ್ಲಿ ನೋಯುವುದು ಎಷ್ಟು, ಊದಿರುವುದು ಎಷ್ಟು. ಜೊತೆಗೆ ರೋಗಿ ಹತ್ತರಲ್ಲಿ ಕೊಡುವ ಅಂಕ, ವೈದ್ಯ ಕೊಡುವ ಅಂಕ. ಕೂಡಿಸಿದರೆ 2.8 ಅಥವಾ ಕಡಿಮೆಯಿದ್ದರೆ ಶಮನ, 10ರವರೆಗೆ ಅಲ್ಪ, 22 ದಾಟಿದರೆ ಜೋರು. ಪಾದದ ಕೀಲುಗಳನ್ನು ಇದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬರಿಗಾಲಲ್ಲಿ ಗದ್ದೆಗೆ ಇಳಿಯುವವರ ನಾಡಿನಲ್ಲಿ ಅದು ಕೊರತೆಯೇ. ಅಂಕಕ್ಕೆ ಸೇರದಿದ್ದರೂ ಪಾದವನ್ನು ಒತ್ತಿ ನೋಡದೆ ಯಾರನ್ನೂ ಎಬ್ಬಿಸುವುದಿಲ್ಲ.

ರೋಗಿಯ ಕೈಯಿಂದ ಅಂಕ ಕೊಡಿಸುವುದರಲ್ಲಿ ಬಹಳ ದಿನ ಸೋತೆ. “ಹತ್ತರಲ್ಲಿ ಎಷ್ಟು?” ಎಂದರೆ ಮುಖ ನೋಡುತ್ತಿದ್ದರು. ಒಮ್ಮೆ ಒಬ್ಬ ಅಜ್ಜ ತಾನಾಗಿಯೇ “ಹನ್ನೆರಡಾಣೆ ವಾಸಿ ಸ್ವಾಮಿ, ಇನ್ನು ನಾಲ್ಕಾಣೆ ಉಳಿದಿದೆ” ಎಂದ. ಅಲ್ಲಿಂದ ಹಿರಿಯರ ಅಂಕವೆಲ್ಲ ಆಣೆಯಲ್ಲೇ. ಹದಿನಾರರಲ್ಲಿ ನಾಲ್ಕು ಎಂದರೆ ಹತ್ತರಲ್ಲಿ ಎರಡೂವರೆ. ಶುದ್ಧ ವಿಜ್ಞಾನಿಗಳು ಹುಬ್ಬೇರಿಸಲಿ. ಬೆಳಗಿನ ಬಿಗಿತವನ್ನು ಕೇಳುವಾಗಲೂ ನಿಮಿಷ ಕೇಳುವುದಿಲ್ಲ. ರೊಟ್ಟಿ ತಟ್ಟಲು ಕೈ ಬಗ್ಗುವ ಹೊತ್ತಿಗೆ ಶಾಲೆಯ ಗಂಟೆ ಹೊಡೆದಿರುತ್ತದೆಯೇ ಎಂದು ಕೇಳುತ್ತೇನೆ.

ಇನ್ನು ಎಎಸ್‌ಓ ಎಂಬ ರಕ್ತಪರೀಕ್ಷೆ. ನಮ್ಮ ಭಾಗದಲ್ಲಿ ಕೀಲುನೋವೆಂದರೆ ಸಾಕು, ರಕ್ತದಲ್ಲಿ ಎಎಸ್‌ಓ ನೋಡುತ್ತಾರೆ. ಹೆಚ್ಚಿದ್ದರೆ “ವಾತಜ್ವರ”, ಅಂದರೆ ರುಮ್ಯಾಟಿಕ್ ಜ್ವರ, ಎಂದು ಮೂರು ವಾರಕ್ಕೊಂದು ಪೆನ್ಸಿಲಿನ್ ಚುಚ್ಚುಮದ್ದು. ನಲವತ್ತೈದರ ಗೃಹಿಣಿ ನಾಲ್ಕು ವರ್ಷ ಹಾಗೆ ಚುಚ್ಚಿಸಿಕೊಂಡು, ಮಣಿಕಟ್ಟು ಬೆಸೆದುಹೋದ ಮೇಲೆ ನನ್ನ ಬಳಿ ಬಂದರು. ಗಂಟಲಿಗೆ ಸ್ಟ್ರೆಪ್ಟೊಕಾಕಸ್ ಸೋಂಕು ಬಂದು ಹೋಗಿದೆ ಎಂಬುದಷ್ಟನ್ನೇ ಆ ಪರೀಕ್ಷೆ ಹೇಳುತ್ತದೆ. ರುಮ್ಯಾಟಿಕ್ ಜ್ವರ ಮುಖ್ಯವಾಗಿ 5ರಿಂದ 15 ವರ್ಷದ ಮಕ್ಕಳ ರೋಗ. ಅಲ್ಲಿ ಪೆನ್ಸಿಲಿನ್ ಹೃದಯದ ಕವಾಟವನ್ನು ಕಾಯುತ್ತದೆ, ತಪ್ಪಿಸಲೇಬಾರದು. ಕೈಯ ಸಣ್ಣ ಕೀಲುಗಳು ಆರು ವಾರದಿಂದ ಊದಿರುವ ಹೆಂಗಸಿನಲ್ಲಿ ಎಎಸ್‌ಓಗೆ ಕೆಲಸವಿಲ್ಲ. ಸಂಧಿವಾತದ ಪತ್ತೆಗೆಂದು ಮಾಡಿಸುವ ರುಮಟಾಯ್ಡ್ ಫ್ಯಾಕ್ಟರ್ ಪರೀಕ್ಷೆ ಸಹ ಕ್ಷಯ, ಕುಷ್ಠ, ಹೆಪಟೈಟಿಸ್ ಸಿ ಇದ್ದವರಲ್ಲೂ, ಒಮ್ಮೊಮ್ಮೆ ಏನೂ ಇಲ್ಲದವರಲ್ಲೂ ಪಾಸಿಟಿವ್ ಬರುತ್ತದೆ. ಚಿಕೂನ್‌ಗುನ್ಯಾ ಜ್ವರದ ನಂತರದ ಕೀಲುನೋವಂತೂ ತಿಂಗಳುಗಟ್ಟಲೆ ರುಮಟಾಯ್ಡ್ ವೇಷದಲ್ಲೇ ತಿರುಗುತ್ತದೆ. ವರದಿಯನ್ನು ಪಕ್ಕಕ್ಕಿಟ್ಟು ಮೊದಲು ಬೆರಳಿನ ಬುಡವನ್ನು ಹಿಂಡಿ ನೋಡುತ್ತೇನೆ.

ಹೊಸ ಔಷಧಿಗಳ ಕಡೆಗೆ ಬರೋಣ. ಕೀಲಿನ ಉರಿಯೂತ ತಗ್ಗಿಸುವ ಮಾತ್ರೆ ಟೊಫಾಸಿಟಿನಿಬ್ ಅಮೆರಿಕದಲ್ಲಿ ಮಂಜೂರಾದದ್ದು 2012ರಲ್ಲಿ. ದೇಶೀಯ ಕಂಪನಿಗಳು ತಯಾರಿಸಲು ಶುರು ಮಾಡಿದ ಮೇಲೆ ಬೆಲೆ ಇಳಿದು ನಮ್ಮ ರೋಗಿಗಳ ಕೈಗೂ ಎಟುಕಿತು. ಚುಚ್ಚುಮದ್ದಿಲ್ಲ, ಫ್ರಿಜ್ ಬೇಕಿಲ್ಲ, ಎರಡೇ ವಾರದಲ್ಲಿ ಕೈ ಹಗುರ. ನಾನೂ ಉಬ್ಬಿದೆ. ಒಂದೇ ವರ್ಷದಲ್ಲಿ ಹತ್ತಾರು ಮಂದಿಗೆ ಬರೆದೆ. ಅವರಲ್ಲೊಬ್ಬರು ಅರವತ್ತು ಸಮೀಪಿಸಿದ, ದಿನಕ್ಕೊಂದು ಕಟ್ಟು ಬೀಡಿ ಸೇದುವ, ಬಿಪಿ ಇರುವ ಹಮಾಲರು. 2021ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಮಾತ್ರೆಯ ಬಗ್ಗೆ ಎಚ್ಚರಿಕೆ ಕೊಟ್ಟಿತು. ಮರುವರ್ಷ ಇದರ ಸುರಕ್ಷತೆಯನ್ನು ನೋಡಿದ ಓರಲ್ ಸರ್ವೇಲನ್ಸ್ ಅಧ್ಯಯನ ಪೂರ್ತಿ ಪ್ರಕಟವಾಯಿತು. ಐವತ್ತು ದಾಟಿದ, ಹೃದಯಕ್ಕೆ ಒಂದಾದರೂ ಅಪಾಯಕಾರಣ ಇರುವವರಲ್ಲಿ ಟಿಎನ್‌ಎಫ್ ಎಂಬ ಉರಿಯೂತದ ಪ್ರೋಟೀನನ್ನು ತಡೆಯುವ ಔಷಧಿಗಿಂತ ಇದರಲ್ಲಿ ಹೃದಯಾಘಾತ, ಕ್ಯಾನ್ಸರ್ ಹೆಚ್ಚು ಕಂಡಿದ್ದವು. ಓದುತ್ತಿದ್ದಾಗ ಕಣ್ಣ ಮುಂದೆ ಬಂದದ್ದು ಆ ಹಮಾಲರೇ. ಕರೆಸಿ, ವಿವರಿಸಿ, ಮಾತ್ರೆ ನಿಲ್ಲಿಸಿದೆ. “ಚೆನ್ನಾಗಿದ್ದದ್ದನ್ನು ಯಾಕೆ ಬಿಡಿಸುತ್ತೀರಿ ಸಾರ್?” ಎಂದು ಅವರು ಮುನಿಸಿಕೊಂಡರು, ಬೀಡಿಯನ್ನು ಮಾತ್ರ ಬಿಡಲಿಲ್ಲ. ಮೆಥೋಟ್ರೆಕ್ಸೇಟನ್ನು ಚರ್ಮದಡಿಯ ಚುಚ್ಚುಮದ್ದಾಗಿ ಬದಲಿಸಿ, ಸಲ್ಫಾಸಲಜೀನ್, ಹೈಡ್ರಾಕ್ಸಿಕ್ಲೋರೋಕ್ವಿನ್ ಸೇರಿಸಿ ಅವರ ಸಿಡಿಎಐ ಅಂಕವನ್ನು ಎಂಟರ ಆಸುಪಾಸಿನಲ್ಲಿ ಹಿಡಿದಿಟ್ಟಿದ್ದೇನೆ.

ಈಗಲೂ ಈ ಗುಂಪಿನ ಮಾತ್ರೆ ಬರೆಯುತ್ತೇನೆ. ಅದಕ್ಕೂ ಮೊದಲು ವಯಸ್ಸು, ಬೀಡಿ, ಹೃದಯ, ಹಿಂದಿನ ಕ್ಯಾನ್ಸರ್ ಕೇಳುತ್ತೇನೆ. ಕ್ಷಯ ಅಡಗಿದೆಯೇ ಎಂದು ಎದೆಯ ಎಕ್ಸ್‌ರೇ, ಮಾಂಟೂ ಪರೀಕ್ಷೆ ಮಾಡಿಸುತ್ತೇನೆ. ಇನ್ನೊಂದು ಮಾತು, ಸರ್ಪಸುತ್ತು. ಈ ಔಷಧಿ ತೆಗೆದುಕೊಳ್ಳುವವರಲ್ಲಿ ಅದು ಹೆಚ್ಚು. ನಮ್ಮವರು ಸರ್ಪಸುತ್ತಿಗೆ ಡಾಕ್ಟರ ಬಳಿಗೆ ಬರುವುದಿಲ್ಲ; ಕೆಮ್ಮಣ್ಣು ಬರೆಸಿಕೊಂಡು ಬರುತ್ತಾರೆ. ಹಾಗೆ ಬರೆಸಿಕೊಂಡು, ಮಾತ್ರೆಯನ್ನೂ ನಿಲ್ಲಿಸದೆ ಹತ್ತು ದಿನ ಕಳೆದು ಬಂದವರನ್ನು ನೋಡಿದ ಮೇಲೆ, “ಕೆಮ್ಮಣ್ಣು ಹಚ್ಚಿಸಿಕೊಳ್ಳಿ, ಆದರೆ ಅದೇ ದಿನ ನನಗೆ ಫೋನ್ ಮಾಡಿ” ಎಂದು ಮೊದಲೇ ಹೇಳಿಬಿಡುತ್ತೇನೆ.

ದುಬಾರಿ ಔಷಧಿಯ ಅಂಚಿನವರೆಗೆ ಹೋಗಿ ಹಿಂದೆ ಸರಿದ ಇನ್ನೊಂದು ಪ್ರಸಂಗ ಜಗಳೂರು ಕಡೆಯ ರೈತರದು. ಬೆನ್ನು ಹಲಗೆಯಂತೆ ಬಿಗಿದಿತ್ತು. ಬೆನ್ನುಮೂಳೆ ಬೆಸೆದುಹೋಗುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಹಣೆಪಟ್ಟಿ ಹೊತ್ತು, ಅದಕ್ಕೆ ಕೊಡುವ ಜೈವಿಕ ಚುಚ್ಚುಮದ್ದು ಅಡಲಿಮುಮಾಬ್‌ಗೆ ಹಣ ಹೊಂದಿಸಿಕೊಂಡೇ ಬಂದಿದ್ದರು. ಆ ರೋಗದವರಲ್ಲಿ ಹೆಚ್ಚಾಗಿ ಕಾಣುವ ಎಚ್‌ಎಲ್‌ಎ ಬಿ27 ಇವರಲ್ಲಿ ನೆಗೆಟಿವ್. ನಕ್ಕಾಗ ಹಲ್ಲು ಕಂದು ಪಟ್ಟೆ. ಮುಂಗೈಯ ಎಕ್ಸ್‌ರೇ ತೆಗೆಸಿದೆ. ಎರಡು ಎಲುಬುಗಳ ನಡುವಿನ ಪೊರೆ ಸುಣ್ಣಗಟ್ಟಿತ್ತು. ಅದು ಫ್ಲೋರೋಸಿಸ್, ನೀರಿನ ಫ್ಲೋರೈಡ್ ಹಲ್ಲು, ಎಲುಬಿಗೆ ಸೇರಿ ಬರುವ ರೋಗ. ಭಾರತೀಯ ಮಾನಕದಂತೆ ಲೀಟರ್ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5. ಅವರು ಬಾಲ್ಯದಿಂದ ಕುಡಿದದ್ದು ಕೊಳವೆಬಾವಿಯದು. ಚಿತ್ರದುರ್ಗ, ಚಳ್ಳಕೆರೆ, ಮೊಳಕಾಲ್ಮುರು ಕಡೆಯಿಂದ ಬೆನ್ನುನೋವಿನವರು ಬಂದರೆ ಎಂಆರ್‌ಐಗಿಂತ ಮೊದಲು “ಯಾವ ನೀರು ಕುಡಿಯುತ್ತೀರಿ?” ಎಂದು ಕೇಳುವುದು ನನಗೆ ಅಂದಿನಿಂದ ರೂಢಿ.

ಕೀಲುನೋವಿಗೆಂದು ರೋಗಿಗಳು ನುಂಗುವ ಹೆಸರಿಲ್ಲದ ಪುಡಿಗಳ ಬಗ್ಗೆ ಬೈದು ಪ್ರಯೋಜನವಿಲ್ಲ. ಬೈದರೆ ಮುಚ್ಚಿಡುತ್ತಾರೆ. ಪೊಟ್ಟಣವನ್ನೇ ತರಲು ಹೇಳುತ್ತೇನೆ. ಮುಖ ಊದಿ, ಸಕ್ಕರೆ ಏರಿ, ನೋವು ಪವಾಡದಂತೆ ಮಾಯವಾಗಿದ್ದರೆ ಅದರಲ್ಲಿ ಸ್ಟೀರಾಯ್ಡ್ ಇದೆಯೆಂದೇ ಹಿಡಿದು, ಒಮ್ಮೆಲೇ ನಿಲ್ಲಿಸದೆ ಅಳತೆ ಗೊತ್ತಿರುವ ಸ್ಟೀರಾಯ್ಡ್ ಮಾತ್ರೆ ಪ್ರೆಡ್ನಿಸೊಲೋನ್‌ಗೆ ಬದಲಿಸಿ ನಿಧಾನಕ್ಕೆ ಇಳಿಸುತ್ತೇನೆ. ನಾನಾಗಿ ಶುರು ಮಾಡುವುದಾದರೆ 7.5 ಮಿಲಿಗ್ರಾಂ, ಮೂರು ತಿಂಗಳ ಗಡುವು. ನಿಲ್ಲಿಸುವ ತಾರೀಖನ್ನು ಅಂದೇ ಚೀಟಿಯಲ್ಲಿ ಬರೆಯುತ್ತೇನೆ.

ಸಂತೆಯ ಉಪಾಯಕ್ಕೂ ಒಂದು ತೂತು ಇತ್ತು. 2020ರ ಲಾಕ್‌ಡೌನ್. ಹೈಡ್ರಾಕ್ಸಿಕ್ಲೋರೋಕ್ವಿನ್ ಕೊರೊನಾಕ್ಕೆ ಮದ್ದೆಂದು ಸುದ್ದಿಯಾಗಿ, ಅದನ್ನೇ ನಿತ್ಯ ನುಂಗುವ ಲೂಪಸ್ ರೋಗಿಗಳಿಗೆ ಸಿಗದಂತಾಗಿತ್ತು. ಅದಕ್ಕಾಗಿ ಅಂಗಡಿ ಅಂಗಡಿಗೆ ಫೋನ್ ಮಾಡುತ್ತಾ ಕುಳಿತಿದ್ದೆ. ಆ ನಡುವೆ ಚನ್ನಗಿರಿಯ ಅದೇ ಹೆಂಗಸಿನ ಕರೆ ಬಂತು. ಮತ್ತೆ ಶುರು ಮಾಡಿದ ಮೆಥೋಟ್ರೆಕ್ಸೇಟಿನಲ್ಲಿ ಅವರು ಚೆನ್ನಾಗಿದ್ದರು. ಈಗ ಮಣಿಕಟ್ಟು ಮತ್ತೆ ಊದಿದೆ ಎಂದರು. ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದೀರಾ ಎಂದೆ.

“ಸಂತೆಯೇ ನಡೆಯುತ್ತಿಲ್ಲವಲ್ಲ ಡಾಕ್ಟರೇ, ಐದು ವಾರವಾಯಿತು.”

ಈಗ ಚೀಟಿಯ ಮೇಲೆ ಸಂತೆಯ ಜೊತೆಗೆ ವಾರದ ಹೆಸರನ್ನೂ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಬರೆದು, ಕೆಳಗೆ “ಸಂತೆ ನಡೆಯಲಿ ಬಿಡಲಿ” ಎಂದು ಸೇರಿಸುತ್ತೇನೆ.